ಹಳೇ ರೈಲು ಅಂದರೆ ಕೆಟ್ಟ ರೈಲಾ?

ಪ್ರಶ್ನೆ: ನ್ಯೂಯಾರ್ಕ್ ಸಬ್‌ವೇನಲ್ಲಿ 45 ವರ್ಷಕ್ಕಿಂತ ಹಳೇ ರೈಲುಗಳು ಇನ್ನೂ ಓಡ್ತಾ ಇವೆ ಅಂತಾರೆ. ಅದರಲ್ಲಿ ಹೋಗೋದು ಅಪಾಯ ಅಲ್ವಾ? ಅಷ್ಟು ದುಡ್ಡಿರೋ ಊರು, ಎಲ್ಲವನ್ನೂ ಒಂದೇ ಸಲ ಬದಲಾಯಿಸೋಕೆ ಏನು ಕಷ್ಟ?

ಉತ್ತರ: ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ. ಊರಿಂದ ಮಗನ ಮನೆಗೋ ಮಗಳ ಮನೆಗೋ ಬಂದವರು ನ್ಯೂಜರ್ಸಿಯಲ್ಲಿ ಉಳಿದುಕೊಂಡಿರುತ್ತಾರೆ. ಒಂದು ದಿನ ಮ್ಯಾನ್‌ಹಟನ್ ನೋಡಲು ಹೋದಾಗ ಎ ಲೈನಿನಲ್ಲಿ ಕಿತ್ತಳೆ-ಹಳದಿ ಸೀಟಿನ ರೈಲು ಸಿಗುತ್ತದೆ. ಅದರ ವಯಸ್ಸು ಕೇಳಿ ಗಾಬರಿಯಾಗುತ್ತಾರೆ. ಜೊತೆಗೆ ಬೆಂಗಳೂರಿನ ಮೆಟ್ರೊ ಜೊತೆ ಹೋಲಿಕೆ ಬೇರೆ. ನಮ್ಮ ಮೆಟ್ರೊ ಶುರುವಾಗಿದ್ದು 2011ರಲ್ಲಿ, ನ್ಯೂಯಾರ್ಕ್ ಸಬ್‌ವೇ 1904ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಚಿಕ್ಕ ಉತ್ತರ ಇಷ್ಟು. ಅಪಾಯ ಇಲ್ಲ, ಧೈರ್ಯವಾಗಿ ಹತ್ತಿ. ಬದಲಾಯಿಸುವ ಕೆಲಸ ನಡೆಯುತ್ತಲೇ ಇದೆ. ಒಂದೇ ಸಲ ಆಗುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಪ್ರಶ್ನೆಯೊಳಗೆ ಕೂತಿರುವ ಒಂದು ತಪ್ಪು ನಂಬಿಕೆಯನ್ನು ಕಿತ್ತು ಹಾಕಬೇಕು. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ.

ಆ ನಂಬಿಕೆ ಏನಂದರೆ, 40 ವರ್ಷ ಆದ ರೈಲಿನ ಆಯಸ್ಸು ಮುಗಿದ ಹಾಗೆ, ಆಮೇಲೆ ಓಡಿಸಿದರೆ ಜನರ ಜೀವದ ಜೊತೆ ಆಟ ಆಡಿದ ಹಾಗೆ. 40 ವರ್ಷ ಅನ್ನುವ ಲೆಕ್ಕ ಇರುವುದು ನಿಜ. ಆದರೆ ಅದು ಮಾತ್ರೆ ಪಟ್ಟಿಯ ಮೇಲಿನ ಎಕ್ಸ್‌ಪೈರಿ ದಿನಾಂಕದಂಥದ್ದಲ್ಲ. ಹೊಸ ರೈಲಿಗೆ ಯಾವಾಗ ದುಡ್ಡು ಹೊಂದಿಸಬೇಕು ಅಂತ ಮುಂಚೆಯೇ ಹಾಕಿಕೊಂಡ ಅಂದಾಜು ಅದು. ರೈಲು ಯಾವಾಗ ಕೆಡುತ್ತದೆ ಅನ್ನುವುದನ್ನು ಬೇರೆ ಎರಡು ವಿಷಯ ತೀರ್ಮಾನಿಸುತ್ತವೆ: ಅದನ್ನು ಯಾವುದರಿಂದ ಮಾಡಿದ್ದಾರೆ, ಹೇಗೆ ನೋಡಿಕೊಂಡಿದ್ದಾರೆ.

ಮಾತಿಗೆ ಹೇಳುತ್ತಿಲ್ಲ, ಉದಾಹರಣೆ ನೋಡಿ. ಆರ್-32 ಅನ್ನುವ ರೈಲು 1964ರಲ್ಲಿ ಬಂತು. ಫಿಲಡೆಲ್ಫಿಯಾದ ಬಡ್ ಕಂಪನಿ 600 ಬೋಗಿ ಮಾಡಿಕೊಟ್ಟಿತು. ಹೊರಮೈ ಪೂರ್ತಿ ಸ್ಟೇನ್‌ಲೆಸ್ ಸ್ಟೀಲು. ಅದೂ ಸಪಾಟು ತಗಡಲ್ಲ, ಉದ್ದಕ್ಕೂ ಗೆರೆ ಗೆರೆಯಾಗಿ ಮಡಿಕೆ ಒತ್ತಿದ್ದು. ರೈಲಿನ ತುದಿಯಲ್ಲಿ ಒಂದು ಕಿಟಕಿ ಇತ್ತು. ಮೊದಲ ಬೋಗಿ ಹತ್ತಿ ಅದರ ಹಿಂದೆ ನಿಂತರೆ ಮುಂದಿನ ಹಳಿ, ಸಿಗ್ನಲ್, ಸುರಂಗದ ತಿರುವು ಎಲ್ಲಾ ಕಾಣಿಸುತ್ತಿತ್ತು. ಮಕ್ಕಳಿಗೆ ಆ ಜಾಗ ಬಿಟ್ಟು ಕದಲೋಕೇ ಮನಸ್ಸಿಲ್ಲ. ಇನ್ನು ಆರ್-44 ಬಂದಿದ್ದು 1970ರ ದಶಕದ ಶುರುವಿನಲ್ಲಿ, ಅಂದರೆ ಏಳೆಂಟು ವರ್ಷ ಚಿಕ್ಕದು. ಹೆಚ್ಚು ಉದ್ದ, ಹೊಸ ವಿನ್ಯಾಸ. ಎರಡಕ್ಕೂ 20-25 ವರ್ಷದ ಹೊತ್ತಿಗೆ ದೊಡ್ಡ ರಿಪೇರಿ ಆಯಿತು.

2009-10ರಲ್ಲಿ ಪರೀಕ್ಷೆ ಮಾಡಿದಾಗ ವಯಸ್ಸಿನಲ್ಲಿ ಚಿಕ್ಕದಾದ ಆರ್-44ರ ಉಕ್ಕಿನ ಚೌಕಟ್ಟು ಒಳಗಿಂದ ತುಕ್ಕು ಹಿಡಿದಿರುವುದು ಗೊತ್ತಾಯಿತು. ಭಾರ ಹೊರುವ ಭಾಗವೇ ಹೋದರೆ ಮೇಲೆ ಏನು ರಿಪೇರಿ ಮಾಡಿ ಏನು ಪ್ರಯೋಜನ? 2010ರಲ್ಲಿ ಅವನ್ನು ಸಬ್‌ವೇಯಿಂದ ತೆಗೆದರು. ಸ್ಟೇಟನ್ ಐಲೆಂಡ್ ರೈಲಿನಲ್ಲಿ ಮಾತ್ರ ಕೆಲವು ಉಳಿದವು. ಆರ್-32ಗಳು ಆ ಹೊತ್ತಿಗೆ ಪೂರ್ತಿ ನಿವೃತ್ತಿಯಾಗಬೇಕಿತ್ತು. ಆದರೆ ಆರ್-44 ಹೋದ ಜಾಗ ತುಂಬಲು ಇನ್ನೂರಕ್ಕೂ ಹೆಚ್ಚು ಆರ್-32 ಬೋಗಿಗಳನ್ನು ಉಳಿಸಿಕೊಂಡರು. ಅಣ್ಣ ಕೆಲಸದಲ್ಲಿ, ತಮ್ಮ ಗುಜರಿಯಲ್ಲಿ. ಆರ್-32 ಕೊನೆಯ ಸಲ ಓಡಿದ್ದು 2022ರ ಜನವರಿ 9ರಂದು, ಸೇವೆಗೆ ಬಂದು 57 ವರ್ಷ ಆದ ಮೇಲೆ.

ಇದೊಂದೇ ಸಾಲದು ಅನ್ನುವವರಿಗೆ ಇನ್ನೊಂದು. ಮೇಲೆ ಹೇಳಿದ ಆ ಕಿತ್ತಳೆ-ಹಳದಿ ಸೀಟಿನ ರೈಲು ಆರ್-46. 1975ರಿಂದ 1978ರವರೆಗೆ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿ 754 ಬೋಗಿ ಮಾಡಿತು. ಹೊಸ ಬಣ್ಣದ ವಾಸನೆ ಹೋಗುವ ಮೊದಲೇ ಚಕ್ರಗಳನ್ನು ಹಿಡಿದಿಡುವ ಚೌಕಟ್ಟುಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಒಂದಲ್ಲ ಎರಡಲ್ಲ, ಸಾಲು ಸಾಲು. ಕೊನೆಗೆ ಆ ಚೌಕಟ್ಟುಗಳನ್ನೇ ಬದಲಾಯಿಸಬೇಕಾಯಿತು. ನಿಜವಾಗಿ ಹೆದರಬೇಕಾಗಿದ್ದರೆ ಆ ರೈಲಿಗೆ ಎರಡು-ಮೂರು ವರ್ಷ ಆಗಿದ್ದಾಗ ಹೆದರಬೇಕಿತ್ತು. ಚೌಕಟ್ಟು ಬದಲಾಗಿ, 1990ರ ಸುಮಾರಿಗೆ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ ಅದೇ ಬೋಗಿಗಳು ಮೂರು ದಶಕ ಲಕ್ಷಣವಾಗಿ ದುಡಿದವು.

2020ರಲ್ಲಿ ಆಗಿದ್ದನ್ನೂ ಹೇಳಿಬಿಡುತ್ತೇನೆ. ಆಗ ಸಬ್‌ವೇಯಲ್ಲಿ ತೀರಾ ಹೊಸದು ಆರ್-179, ಸೇವೆಗೆ ಬಂದು ಮೂರು ವರ್ಷವೂ ಆಗಿರಲಿಲ್ಲ. ಜನವರಿಯಲ್ಲಿ ಬಾಗಿಲಿನ ತೊಂದರೆಯಿಂದ ಅವನ್ನು ನಿಲ್ಲಿಸಿದರು. ಜೂನ್‌ನಲ್ಲಿ ಓಡುತ್ತಿದ್ದ ರೈಲೊಂದರ ಎರಡು ಬೋಗಿಗಳ ಕೊಂಡಿ ಕಳಚಿತು, ಮತ್ತೆ ನಿಲ್ಲಿಸಿದರು. ಹೊಸದು ಶೆಡ್ಡಿನಲ್ಲಿ ನಿಂತಾಗ ಮೂಲೆಯಲ್ಲಿಟ್ಟಿದ್ದ ಆರ್-32ಗಳನ್ನು ಹೊರಗೆ ತಂದು ಓಡಿಸಿದರು. 1964ರ ರೈಲು!

ಹಾಗಾದರೆ ರೈಲು ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಮ್ಮೆ ಕೆಟ್ಟು ನಿಂತ ಮೇಲೆ ಮುಂದಿನ ಸಲ ಕೆಡುವವರೆಗೆ ಸರಾಸರಿ ಎಷ್ಟು ಮೈಲಿ ಓಡುತ್ತದೆ ಅಂತ ನೋಡಬೇಕು. ಶೆಡ್ಡಿನಲ್ಲಿ ಕೆಲಸ ಮಾಡುವವರು ಕೇಳುವುದೂ ಇದನ್ನೇ, ಹುಟ್ಟಿದ ವರ್ಷವನ್ನಲ್ಲ. 1980ರ ದಶಕದ ಶುರುವಿನಲ್ಲಿ ಈ ಲೆಕ್ಕ ಸುಮಾರು 7,000 ಮೈಲಿಗೆ ಬಿದ್ದಿತ್ತು. ಆಗ ಓಡುತ್ತಿದ್ದ ಬಹಳಷ್ಟು ಬೋಗಿಗಳಿಗೆ ಇವತ್ತಿನ ಆರ್-46ರ ಅರ್ಧ ವಯಸ್ಸೂ ಆಗಿರಲಿಲ್ಲ. 1970ರ ದಶಕದಲ್ಲಿ ನಗರವೇ ದಿವಾಳಿ ಅಂಚಿಗೆ ಬಂದಾಗ ರೈಲುಗಳ ನಿರ್ವಹಣೆಯನ್ನು ಮುಂದೂಡುತ್ತಾ ಹೋಗಿದ್ದರು, ಅದರ ಫಲ ಇದು. 1984ರಲ್ಲಿ ಡೇವಿಡ್ ಗನ್ ಸಾರಿಗೆ ಸಂಸ್ಥೆಯ ಮುಖ್ಯಸ್ಥರಾಗಿ ಬಂದ ಮೇಲೆ ಕೆಟ್ಟ ಮೇಲೆ ಸರಿಮಾಡುವುದನ್ನು ಬಿಟ್ಟು, ಕೆಡುವ ಮೊದಲೇ ಭಾಗಗಳನ್ನು ಬದಲಾಯಿಸುವ ಪದ್ಧತಿ ಗಟ್ಟಿಯಾಯಿತು. ಬೋಗಿಗಳ ಮೇಲಿನ ಗೀಚುಬರಹವನ್ನು 1989ರ ಮೇ ಹೊತ್ತಿಗೆ ಪೂರ್ತಿ ತೊಡೆದು ಹಾಕಿದರು. 2000ದ ನಂತರ ಸರಾಸರಿ ಒಂದು ಲಕ್ಷ ಮೈಲಿ ದಾಟಿತು. ಹಳೇ ಬೋಗಿಗಳು ಬಹಳಷ್ಟು ಅವೇ, ನೋಡಿಕೊಳ್ಳುವ ಕೈ ಬದಲಾಗಿತ್ತು. ನನಗೆ ಸಬ್‌ವೇ ಇತಿಹಾಸದಲ್ಲೇ ಬಹಳ ಇಷ್ಟವಾದ ಕಥೆ ಇದು. ಶೆಡ್ಡಿನ ಮೆಕ್ಯಾನಿಕ್‌ಗಳ ಹೆಸರು ಯಾವ ಫಲಕದ ಮೇಲೂ ಇಲ್ಲ, ಇರಬೇಕಿತ್ತು.

ಹಾಗಂತ ಹಳೆಯದನ್ನು ಎಂದೂ ತೆಗೆಯಬಾರದು ಅಂತ ನಾನು ಹೇಳುತ್ತಿಲ್ಲ. ಆರ್-32 ಕೂಡ ಕೊನೆಗಾಲದಲ್ಲಿ ಉಳಿದ ರೈಲುಗಳಿಗಿಂತ ಜಾಸ್ತಿ ಸಲ ಕೆಡುತ್ತಿತ್ತು. ಬಡ್ ಆಗಲಿ, ಪುಲ್‌ಮನ್-ಸ್ಟ್ಯಾಂಡರ್ಡ್ ಆಗಲಿ ಈಗ ರೈಲು ಮಾಡುವುದಿಲ್ಲ. ಬಿಡಿಭಾಗ ಬೇಕಾದರೆ ಹೊಸದಾಗಿ ಮಾಡಿಸಬೇಕು, ಇಲ್ಲವೇ ಇನ್ನೊಂದು ಬೋಗಿಯಿಂದ ಬಿಚ್ಚಬೇಕು. ಖರ್ಚು ಏರುತ್ತಾ ಹೋಗುತ್ತದೆ.

ಹೊಸದರಿಂದ ಆಗುವ ದೊಡ್ಡ ಲಾಭ ಬಾಗಿಲಿನಲ್ಲಿದೆ. ಇದನ್ನು ಯಾರೂ ಗಮನಿಸುವುದಿಲ್ಲ. ಆರ್-46 ಬೋಗಿ 75 ಅಡಿ ಉದ್ದ, ಎಂಟು ಬೋಗಿ ಸೇರಿ 600 ಅಡಿ. ಅದರ ಜಾಗಕ್ಕೆ ಬರುತ್ತಿರುವ ಆರ್-211 ಬೋಗಿ 60 ಅಡಿ, ಹತ್ತು ಸೇರಿ ಅದೇ 600 ಅಡಿ. ಎರಡರಲ್ಲೂ ಪ್ರತಿ ಬೋಗಿಗೆ ಒಂದು ಬದಿಯಲ್ಲಿ ನಾಲ್ಕು ಬಾಗಿಲು. ಅಂದರೆ ಹಳೆಯದರಲ್ಲಿ 32 ಬಾಗಿಲು, ಹೊಸದರಲ್ಲಿ 40. ಹಳೆಯದು 50 ಇಂಚು ಅಗಲ, ಹೊಸದು 58. ಗುಣಿಸಿ ನೋಡಿ: ಹಳೇ ರೈಲಿನಲ್ಲಿ ಹತ್ತಿಳಿಯಲು ಒಟ್ಟು 133 ಅಡಿ ಜಾಗ, ಹೊಸದರಲ್ಲಿ 193 ಅಡಿ. ಸಂಜೆ ಹೊತ್ತು ಬಾಗಿಲ ಬಳಿಯೇ ನಿಂತು ಜರುಗದವರಿಂದ ಪ್ರತಿ ನಿಲ್ದಾಣದಲ್ಲೂ ಕೆಲವು ಸೆಕೆಂಡು ಹೋಗುತ್ತದಲ್ವಾ, ಅದನ್ನು ಉಳಿಸುವ ಲೆಕ್ಕ ಇದು. ಸೀಟುಗಳು ಮಾತ್ರ ಪೂರ್ತಿ ಗೋಡೆಗುಂಟ. ಆರ್-46ರಲ್ಲಿ ಕಿಟಕಿ ಪಕ್ಕ ಮುಂದೆ ನೋಡುತ್ತಾ ಕೂರುವ ಸೀಟು ಇತ್ತು, ಅದು ಹೋಯಿತು. ಜನ ಬೇಜಾರು ಮಾಡಿಕೊಳ್ಳುವುದು ನ್ಯಾಯವೇ.

ರೈಲು ಹೊಸದಾದರೆ ವೇಗ ಹೆಚ್ಚುತ್ತದೆ ಅಂತ ಮಾತ್ರ ಕಾಯಬೇಡಿ. ವೇಗವನ್ನು, ಒಂದರ ಹಿಂದೆ ಒಂದು ಎಷ್ಟು ಹತ್ತಿರ ಬರಬಹುದು ಅನ್ನುವುದನ್ನು ಸಿಗ್ನಲ್ ತೀರ್ಮಾನಿಸುತ್ತದೆ. ಕೆಲವು ಲೈನುಗಳಲ್ಲಿ ಅದು 1930ರ ದಶಕದ ವ್ಯವಸ್ಥೆ. ಎಲ್ ಮತ್ತು 7ನೇ ಲೈನುಗಳಲ್ಲಿ ಕಂಪ್ಯೂಟರ್ ಸಿಗ್ನಲ್ ಬಂದಿದೆ, ಉಳಿದ ಕಡೆ ಕೆಲಸ ಸಾಗಿದೆ. ಹೊಸ ಸಿಗ್ನಲ್‌ಗೆ ಹೊಂದುವ ರೈಲು ಬೇಕು, ಆರ್-46 ಹೊಂದುವುದಿಲ್ಲ. ಬದಲಾಯಿಸಲು ಇದೂ ಒಂದು ಕಾರಣ.

ಒಂದೇ ಸಲ ಯಾಕಿಲ್ಲ? ಈ ಊರಿನ ಸಬ್‌ವೇ ನಿಜವಾಗಿ ಎರಡು ಸಬ್‌ವೇ. ಅಂಕಿ ಹೆಸರಿನ ಲೈನುಗಳ ಸುರಂಗ ಇಕ್ಕಟ್ಟು, ಅಲ್ಲಿನ ಬೋಗಿ 9 ಅಡಿಯೂ ಅಗಲ ಇಲ್ಲ. ಅಕ್ಷರದ ಲೈನುಗಳದ್ದು 10 ಅಡಿ. ಒಂದರ ರೈಲು ಇನ್ನೊಂದರಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮಾಲಲ್ಲ, ಎರಡು ಅಳತೆಗೂ ಬೇರೆ ಬೇರೆ ಮಾಡಿಸಬೇಕು. ಆರ್-211ಕ್ಕೆ 2018ರ ಜನವರಿಯಲ್ಲಿ ಕವಾಸಾಕಿ ಕಂಪನಿಗೆ 535 ಬೋಗಿಗಳ ಗುತ್ತಿಗೆ ಕೊಟ್ಟರು. ಮೊದಲ ರೈಲಿಗೆ ಜನ ಹತ್ತಿದ್ದು 2023ರ ಮಾರ್ಚ್ 10ರಂದು. ಐದು ವರ್ಷ. ಬೋಗಿಗಳು ನೆಬ್ರಾಸ್ಕಾದ ಲಿಂಕನ್‌ನಲ್ಲೂ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲೂ ತಯಾರಾಗುತ್ತವೆ. ಮೊದಲ ರೈಲು ಸರಿಯಾಗಿ ಓಡಿದ ಮೇಲೇ ಉಳಿದವನ್ನು ಒಪ್ಪಿಕೊಳ್ಳುವುದು. ಆಮೇಲೆ 2022ರಲ್ಲಿ 640, 2024ರಲ್ಲಿ 435 ಬೋಗಿ ಸೇರಿಸಿದರು. ಇದು ನಿಧಾನ ಅನಿಸಬಹುದು. ಆದರೆ 754 ಬೋಗಿಗಳನ್ನು ತರಿಸಿಕೊಂಡ ಮೇಲೆ ಬಿರುಕು ಕಂಡ ಊರು ಇದು, ಎಚ್ಚರ ಬೇಕೇ ಬೇಕು.

ಇಲ್ಲಿವರೆಗೂ ಓದಿದವರಿಗೆ ಇನ್ನೊಂದು ವಿಷಯ. ಯಾರೂ ಕೇಳಲಿಲ್ಲ, ಆದರೂ ಹೇಳಬೇಕು ಅನಿಸಿದೆ. ತೆಗೆದ ಬೋಗಿಗಳು ಎಲ್ಲಿಗೆ ಹೋಗುತ್ತವೆ?

2001ರಿಂದ 2010ರವರೆಗೆ 2,500ಕ್ಕೂ ಹೆಚ್ಚು ಬೋಗಿಗಳನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಇಳಿಸಿದರು. ಕಸ ಎಸೆದ ಹಾಗಲ್ಲ. ಚಕ್ರ, ಬಾಗಿಲು, ಕಿಟಕಿ ತೆಗೆದು, ಎಣ್ಣೆ-ಗ್ರೀಸು ತೊಳೆದು, ಬರೀ ಗೂಡನ್ನು ದೋಣಿಯ ಮೇಲೆ ಹೇರಿ ಒಯ್ಯುತ್ತಿದ್ದರು. ಡೆಲವೇರ್ ತೀರದಿಂದ ಸುಮಾರು 16 ಮೈಲಿ ದೂರದಲ್ಲೇ ಏಳುನೂರಕ್ಕೂ ಹೆಚ್ಚು ಬೋಗಿಗಳಿವೆ. ಅಲ್ಲಿನ ಸಮುದ್ರತಳ ಬರೀ ಮರಳು, ಚಿಪ್ಪುಜೀವಿಗಳಿಗೆ ಅಂಟಿಕೊಳ್ಳಲು ಗಟ್ಟಿ ಜಾಗವೇ ಇಲ್ಲ. ಬೋಗಿ ಇಳಿದ ಮೇಲೆ ಅವು ಅಂಟಿಕೊಂಡವು, ಅವನ್ನು ತಿನ್ನಲು ಮೀನು ಬಂದವು, ಮೀನು ಹಿಡಿಯಲು ಜನ ಬಂದರು. ಮೊದಲು ಇಳಿಸಿದ ಕೆಂಪು ಬಣ್ಣದ ಸಾದಾ ಉಕ್ಕಿನ ಬೋಗಿಗಳು ಚೆನ್ನಾಗಿ ನಿಂತವು. ಆಮೇಲೆ ಇಳಿಸಿದ ಸ್ಟೇನ್‌ಲೆಸ್ ಬೋಗಿಗಳು ಹಲವು ಕಡೆ ಬೇಗ ಕುಸಿದವು. ನೆಲದ ಮೇಲೆ ಯಾವುದು ಬಾಳಿತೋ ಅದೇ ಉಪ್ಪುನೀರಿನಲ್ಲಿ ಸೋತಿತು.

2010ರ ನಂತರ ಇದನ್ನು ನಿಲ್ಲಿಸಿದರು. ಆಮೇಲಿನ ಬೋಗಿಗಳಲ್ಲಿ ಪ್ಲಾಸ್ಟಿಕ್ ಭಾಗ ಜಾಸ್ತಿ. ಎಲ್ಲವನ್ನೂ ಕಿತ್ತು ಸ್ವಚ್ಛ ಮಾಡುವ ಖರ್ಚು, ಗುಜರಿಗೆ ಮಾರುವುದಕ್ಕಿಂತ ದುಬಾರಿ ಬೀಳುತ್ತದೆ. ಹಾಗಾಗಿ ಈಗ ಸೇವೆಯಿಂದ ಇಳಿಯುತ್ತಿರುವ ಆರ್-46ಗಳು ಸಮುದ್ರಕ್ಕೆ ಹೋಗುವುದಿಲ್ಲ. ಕತ್ತರಿಸಿ, ಲೋಹ ಬೇರೆ ಮಾಡಿ ಮಾರುತ್ತಾರೆ.