ವಠಾರ ಒಡೆಯುತ್ತಾರಂತೆ, ಬಾಡಿಗೆಗಿರುವ ನಮಗೆ ಹಕ್ಕೇನಾದರೂ ಇದೆಯೇ?

ಪ್ರಶ್ನೆ: ಮಲ್ಲೇಶ್ವರದ ವಠಾರವೊಂದರಲ್ಲಿ 20 ವರ್ಷದಿಂದ ಬಾಡಿಗೆಗಿದ್ದೇವೆ. ಜಾಗವನ್ನು ಬಿಲ್ಡರ್‌ಗೆ ಕೊಡುತ್ತೇನೆ, ಖಾಲಿ ಮಾಡಿ ಎಂದು ಓನರ್ ಹೇಳುತ್ತಿದ್ದಾರೆ. ಇಷ್ಟು ವರ್ಷ ಇದ್ದವರಿಗೆ ಹಕ್ಕೇ ಇಲ್ಲವೇ?

ಉತ್ತರ: ಮನೆಯ ಮೇಲೆ ಹಕ್ಕಿಲ್ಲ. ಆದರೆ ಕಾಲಾವಕಾಶದ ಮೇಲೆ, ನಿಮ್ಮ ಅಡ್ವಾನ್ಸ್ ಹಣದ ಮೇಲೆ ಖಂಡಿತ ಇದೆ. ಬಹಳ ಜನ ಮೊದಲನೆಯದಕ್ಕೆ ಜಗಳವಾಡುತ್ತಾ ಉಳಿದೆರಡನ್ನೂ ಕಳೆದುಕೊಳ್ಳುತ್ತಾರೆ.

‘12 ವರ್ಷ ಇದ್ದರೆ ಮನೆ ನಮ್ಮದೇ’ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ಬಾಡಿಗೆ ಕೊಟ್ಟು ಇರುವವರು ಮಾಲೀಕರ ಒಪ್ಪಿಗೆಯಿಂದ ಇದ್ದಂತೆ. ಅದು ಎಷ್ಟು ವರ್ಷವಾದರೂ ಒಡೆತನವಾಗುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಯೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳಿಗೆ ಸಿಗದು. ಇಂದು ಆ ಮಿತಿಯೊಳಗೆ ಸಿಗುವ ಮನೆಗಳೆಷ್ಟು? ನಿಮ್ಮದು ಬಹಳ ಹಳೆಯ, ಕಡಿಮೆ ಬಾಡಿಗೆಯ ಮನೆಯಾಗಿದ್ದರೆ ಮಾತ್ರ ವಕೀಲರಿಗೆ ಕಾಗದ ತೋರಿಸಿ ಕೇಳಿ. ಮಿಕ್ಕವರಿಗೆ ಅನ್ವಯವಾಗುವುದು ಆಸ್ತಿ ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು.

ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆಸೆಯುವಂತಿಲ್ಲ. ನೀವು ಬಿಡದಿದ್ದರೆ ಓನರ್ ಕೋರ್ಟಿಗೇ ಹೋಗಬೇಕು. ನೀರು, ಕರೆಂಟು ಕಡಿತ, ಬೀಗ ಬದಲಾಯಿಸುವುದು ಇವೆಲ್ಲ ಕಾನೂನುಬಾಹಿರ. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಾಗಬೇಡಿ: ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಓನರ್ ಏಕೆ ಒಡೆಯುತ್ತಾರೆ ಎಂಬುದು ತಿಳಿದಿದ್ದರೆ ಮಾತುಕತೆಗೆ ಬಲ ಬರುತ್ತದೆ. 40×60ರ ಸೈಟಿನಲ್ಲಿ ಆರು ಮನೆಗಳ ವಠಾರ, ತಲಾ 8,000 ಬಾಡಿಗೆ ಎಂದಿಟ್ಟುಕೊಳ್ಳಿ, ತಿಂಗಳಿಗೆ 48,000. ಸೈಟಿನ ಅಳತೆಯ 1.75 ಪಟ್ಟು ಕಟ್ಟಲು ಅವಕಾಶವಿದ್ದರೆ 4,200 ಚದರ ಅಡಿಯಾಗುತ್ತದೆ, ಅಂದರೆ ಸಾವಿರ ಅಡಿ ಆಸುಪಾಸಿನ ನಾಲ್ಕು ಫ್ಲಾಟ್. ಓನರ್ ಜಾಗ ಕೊಟ್ಟು ಬಿಲ್ಡರ್ ತನ್ನ ಖರ್ಚಿನಲ್ಲಿ ಕಟ್ಟುವ ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಅರ್ಧಕ್ಕರ್ಧ ಹಂಚಿಕೊಂಡರೆ ಓನರಿಗೆ ಕೈಯಿಂದ ಹಣ ಹಾಕದೆ ಎರಡು ಹೊಸ ಫ್ಲಾಟ್. ಒಂದನ್ನು ಮಾರಿ ಇನ್ನೊಂದನ್ನು ಬಾಡಿಗೆಗೆ ಬಿಡಬಹುದು. ಸೋರುವ ಛಾವಣಿ, ಕಟ್ಟಿಕೊಳ್ಳುವ ಮೋರಿ ರಿಪೇರಿ ಮಾಡಿಸುವ ತಲೆನೋವೂ ಇಲ್ಲ. ಆದರೆ ಆರು ಕುಟುಂಬ ಇದ್ದಲ್ಲಿಗೆ ಬರುವುದು ನಾಲ್ಕೇ ಕುಟುಂಬ, ಅದೂ ಹೆಚ್ಚು ಸಂಬಳದವು. ಇಸ್ತ್ರಿ ಮಾಡುವವರು, ಹೂ ಕಟ್ಟುವವರು, ಅಡುಗೆಯವರು, ನಿವೃತ್ತ ಗುಮಾಸ್ತರು ಒಂದೇ ಅಂಗಳದ ಸುತ್ತ ಬದುಕಲು ಆಗುತ್ತಿದ್ದದ್ದು ಅಲ್ಲಿ ಚಿಕ್ಕ ಮನೆಗಳಿದ್ದುದರಿಂದ. ಹೊಸ ಕಟ್ಟಡದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಅಳತೆಯೇ ಇರುವುದಿಲ್ಲ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಿಗೆ ಬಾಡಿಗೆಯ ಏರಿಕೆಗಿಂತ ದೊಡ್ಡ ನಷ್ಟ ಇದು ಎನ್ನುವುದು ನಮ್ಮ ಅಭಿಪ್ರಾಯ.

ಈ ಲೆಕ್ಕದಿಂದ ನಿಮಗಾಗುವ ಉಪಯೋಗವೂ ಇದೆ. ಬಿಲ್ಡರ್‌ಗೆ ಬೇಕಿರುವುದು ಕೇಸಿಲ್ಲದ ಖಾಲಿ ಜಾಗ. ಹಾಗಾಗಿ ವಠಾರದ ಎಲ್ಲ ಮನೆಯವರೂ ಒಟ್ಟಾಗಿ ಕೂತು ಮಾತಾಡಿ. ಶಾಲೆಯ ವರ್ಷ ಮುಗಿಯುವವರೆಗೆ ಸಮಯ, ಸಾಗಣೆ ಖರ್ಚು, ಕೊನೆಯ ಎರಡು ತಿಂಗಳ ಬಾಡಿಗೆ ಮನ್ನಾ ಕೇಳುವುದು ತಪ್ಪಲ್ಲ. ಕೊಡಲೇಬೇಕೆಂಬ ಕಾನೂನಿಲ್ಲ, ಆದರೆ ಒಬ್ಬೊಬ್ಬರೇ ಕೇಳಿದರೆ ಸಿಗದಿರುವುದು ಒಟ್ಟಿಗೆ ಕೇಳಿದರೆ ಸಿಗಬಹುದು. ಒಪ್ಪಿದ್ದನ್ನು ಬರೆಸಿ ಸಹಿ ಹಾಕಿಸಿ.

ಹೆಚ್ಚು ಜನ ಎಡವುವುದು ಅಡ್ವಾನ್ಸ್ ವಿಷಯದಲ್ಲಿ. ಹತ್ತು ತಿಂಗಳ ಬಾಡಿಗೆಯಷ್ಟನ್ನು ನಗದಾಗಿ ಕೊಟ್ಟು ರಸೀದಿ ಇಟ್ಟುಕೊಂಡಿರುವುದಿಲ್ಲ. ಜಾಗ ಕೈ ಬದಲಾದ ಮೇಲೆ ಹಳೆಯ ಓನರ್ ಬಿಲ್ಡರ್ ಕಡೆಗೆ, ಬಿಲ್ಡರ್ ಓನರ್ ಕಡೆಗೆ ಕೈ ತೋರಿಸುತ್ತಾರೆ. ಎಷ್ಟು ಹಣ, ಯಾರು, ಯಾವ ದಿನ ಕೊಡುತ್ತಾರೆ ಎಂಬ ಪತ್ರವನ್ನು ಈಗಲೇ ಪಡೆಯಿರಿ. ಬೀಗದ ಕೈ ಒಪ್ಪಿಸುವುದೂ ಹಣ ಪಡೆಯುವುದೂ ಒಂದೇ ದಿನ ಆಗಲಿ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಹಿಡಿಯುವುದು ರೂಢಿ, ಆದರೆ ಒಡೆಯುವ ಮನೆಗೆ ಎಂಥ ಪೇಂಟಿಂಗ್? ಅದನ್ನು ಒಪ್ಪಬೇಡಿ. ಸಿಟ್ಟಿಗೆ ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಬಾಕಿ ಬಿದ್ದರೆ ಕೋರ್ಟಿನಲ್ಲಿ ನಿಮ್ಮ ಕಡೆಯೇ ಸೋಲುತ್ತದೆ. ಓನರ್ ತೆಗೆದುಕೊಳ್ಳದಿದ್ದರೆ ಅವರ ಖಾತೆಗೆ ಹಾಕಿ ದಾಖಲೆ ಇಟ್ಟುಕೊಳ್ಳಿ.

ಹೊಸ ಮನೆಯನ್ನು ಭೋಗ್ಯಕ್ಕೆ (ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ) ಹಿಡಿಯುವುದಾದರೆ ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲಿನಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ. ಫಾರಂ 16 ಬಂದರೆ ನೀವು ಕೇಳಿದ ಅವಧಿಯಲ್ಲಿ ನೋಂದಾಯಿತ ವ್ಯವಹಾರವಿಲ್ಲವೆಂದು ಅರ್ಥ, ಫಾರಂ 15 ಬಂದರೆ ಪ್ರತಿ ಸಾಲನ್ನೂ ಓದಿ. ಬ್ಯಾಂಕ್ ಸಾಲವಿರುವ ಮನೆಗೆ ಲಕ್ಷಗಟ್ಟಲೆ ಕೊಟ್ಟು, ನೋಂದಣಿಯಿಲ್ಲದ ಕಾಗದ ನಂಬಿ ಕೂತವರು ಬ್ಯಾಂಕು ಮನೆ ಜಪ್ತಿ ಮಾಡಿದಾಗ ಬರಿಗೈಯಲ್ಲಿ ಬೀದಿಗೆ ಬರುತ್ತಾರೆ.