ಖಾಸಗಿ ಕಟ್ಟಡಕ್ಕೆ ಪಾರಂಪರಿಕ ಮಾನ್ಯತೆ: ಹಕ್ಕು ಯಾರದು, ಕಟ್ಟುಪಾಡು ಎಷ್ಟು?

ಈ ಪಾಠದಲ್ಲಿ ಬಹುತೇಕರು ಎಡವುವುದು ಒಂದೇ ಕಡೆ: ಮಾನ್ಯತೆ ಸಿಕ್ಕ ಮನೆ ಸರ್ಕಾರದ ಸ್ವತ್ತಾಗುತ್ತದೆ ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಹಕ್ಕುಪತ್ರ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಮಾರಲೂಬಹುದು, ಬಾಡಿಗೆಗೂ ಕೊಡಬಹುದು. ಮೊಟಕಾಗುವುದು ಮನಸ್ಸಿಗೆ ಬಂದಂತೆ ಒಡೆಯುವ, ಬದಲಿಸುವ ಸ್ವಾತಂತ್ರ್ಯ. ಅದು ಎಷ್ಟು ಮೊಟಕಾಗುತ್ತದೆ ಎಂಬುದು ಕಟ್ಟಡ ಸೇರಿದ್ದು ಯಾವ ಪಾರಂಪರಿಕ ಪಟ್ಟಿಗೆ ಎಂಬುದರ ಮೇಲಿದೆ.

ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು, ಮಾಲೀಕರ ಒಪ್ಪಿಗೆ ಬೇಕಿಲ್ಲ. ಪಟ್ಟಿಗೆ ಸೇರಿದ ಮೇಲೆ ಕಟ್ಟಡದ ಸ್ವರೂಪಕ್ಕೆ ತಾಗುವ ಬದಲಾವಣೆಯನ್ನು, ಒಳಗಿನ ಮೆಟ್ಟಿಲಿನದಾದರೂ ಸರಿ, ಅನುಮತಿ ಇಲ್ಲದೆ ಮಾಡಿದರೆ ಅಪರಾಧ. ಅಮೆರಿಕದ ರಾಷ್ಟ್ರೀಯ ಪಟ್ಟಿ ಇದಕ್ಕೆ ತದ್ವಿರುದ್ಧ. 1980ರ ತಿದ್ದುಪಡಿಯ ನಂತರ ಖಾಸಗಿ ಮಾಲೀಕರು ಬೇಡವೆಂದರೆ ಕಟ್ಟಡವನ್ನು ಸೇರಿಸುವಂತಿಲ್ಲ. ಸೇರಿದ ಮೇಲೂ, ಮಾಲೀಕರು ಸ್ವಂತ ಹಣದಲ್ಲಿ ಅದನ್ನು ಕೆಡವಿದರೆ ಆ ಪಟ್ಟಿ ಅಡ್ಡ ಬರುವುದಿಲ್ಲ! ಗೌರವ ಬಂತು, ರಕ್ಷಣೆ ಬರಲಿಲ್ಲ. ಅಲ್ಲಿ ಕೈ ಕಟ್ಟುವುದು ನಗರಗಳ ಕಾನೂನು.

ನ್ಯೂಯಾರ್ಕಿನ ಪ್ರಕರಣವನ್ನು ಮರೆಯಬೇಡಿ. ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವತೊಡಗಿದಾಗ ಜನ ಎಚ್ಚೆತ್ತರು. 1965ರಲ್ಲಿ ಕಾನೂನು ಬಂತು. 1967ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣಕ್ಕೆ ಮಾನ್ಯತೆ ಸಿಕ್ಕಿತು. ಅದರ ನೆತ್ತಿಯ ಮೇಲೆ ಐವತ್ತಕ್ಕೂ ಹೆಚ್ಚು ಮಹಡಿಗಳ ಗೋಪುರ ಎಬ್ಬಿಸಲು ಹೊರಟ ರೈಲು ಕಂಪನಿಗೆ ನಗರ ಅನುಮತಿ ನಿರಾಕರಿಸಿತು. ಇದು ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡಂತೆ ಎಂದು ಕಂಪನಿ ವಾದಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ನಿಲ್ದಾಣವನ್ನು ಹಿಂದಿನಂತೆಯೇ ಬಳಸಿ ಆದಾಯ ಪಡೆಯಬಹುದು, ಮೇಲೆ ಕಟ್ಟುವ ಹಕ್ಕನ್ನು ಹತ್ತಿರದ ನಿವೇಶನಗಳಿಗೆ ವರ್ಗಾಯಿಸಿಕೊಳ್ಳಬಹುದು ಎಂದಿತು. ನನಗೆ ತೀರ್ಪಿಗಿಂತ ಈ ವರ್ಗಾವಣೆಯ ಉಪಾಯವೇ ಜಾಣತನದ್ದೆನಿಸುತ್ತದೆ.

ಇನ್ನು ಅರ್ಜಿ. ‘ತುಂಬಾ ಹಳೆಯದು’ ಎಂಬುದು ವಾದವಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ 50 ವರ್ಷ ತುಂಬಿರಬೇಕು, ಆದರೆ ಅದು ಹೊಸ್ತಿಲು ಮಾತ್ರ. ಯಾವ ಘಟನೆ, ಯಾವ ವ್ಯಕ್ತಿ, ಯಾವ ನಿರ್ಮಾಣ ಶೈಲಿಯಿಂದ ಇದು ಮುಖ್ಯ, ಆ ಗುರುತು ಇಂದಿಗೂ ಕಾಣುತ್ತದೆಯೇ? ಬಿಡಿಸಿ ಹೇಳಬೇಕಾದದ್ದು ಇದನ್ನು. ಮರದ ಕೆತ್ತನೆಗೆ ಹೆಸರಾದ ಮನೆಯ ಮುಂಬದಿಯ ಕಿಟಕಿಗಳನ್ನೆಲ್ಲ ಕಿತ್ತು ಅಲ್ಯೂಮಿನಿಯಂ ಚೌಕಟ್ಟು ಕೂರಿಸಿದ್ದರೆ ವಾದದ ಬುಡವೇ ಸಡಿಲ. ಅದೇ ಮನೆಯನ್ನು ಅಲ್ಲಿ ವಾಸಿಸಿದ ಒಬ್ಬ ಹೋರಾಟಗಾರ್ತಿಯ ಕಾರಣಕ್ಕೆ ಮುಂದಿಟ್ಟರೆ, ಆಕೆಯ ಕಾಲದ ರೂಪ ಬಹುಮಟ್ಟಿಗೆ ಉಳಿದಿದ್ದರೆ, ಕಿಟಕಿಯ ಲೋಪ ಅಷ್ಟು ಭಾರವಾಗದು.

ನಕ್ಷೆಯಲ್ಲಿ ಗಡಿಗೆರೆ ಎಳೆಯುವಾಗಲೂ ಎಚ್ಚರವಿರಲಿ. ಹಿತ್ತಲಿನ ಲಾಯ, ಬಾವಿ, ಆವರಣದ ಗೋಡೆ ಒಳಗೋ ಹೊರಗೋ ಎಂಬುದನ್ನು ಬರೆದು ಸ್ಪಷ್ಟಪಡಿಸದಿದ್ದರೆ ಮುಂದೆ ಜಗಳ ಶುರುವಾಗುವುದು ಅಲ್ಲಿಂದಲೇ.