ಹೆಪ್ಪು ಹಾಕುತ್ತೇವೆ, ಹುದುಗು ಬರುತ್ತದೆ

"ಹಿಟ್ಟು ಹುದುಗು ಬಂದಿದೆಯಾ ನೋಡು." ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಕೇಳುವ ಮೊದಲ ಮಾತು ಇದು. ತಟ್ಟೆ ಸರಿಸಿದರೆ ಹಿಟ್ಟು ಪಾತ್ರೆಯ ಕಂಠದವರೆಗೆ ಎದ್ದಿರುತ್ತದೆ. ಸೌಟಿನಿಂದ ಒಂದು ಕಡೆ ಬಗೆದರೆ ಒಳಗೆಲ್ಲ ತೂತು ತೂತು. ಮೂಗಿಗೆ ಸಣ್ಣ ಹುಳಿ ವಾಸನೆ.

ರಾತ್ರಿ ಮಲಗುವ ಮುಂಚೆ ಇನ್ನೊಂದು ಪ್ರಶ್ನೆ. "ಹಾಲಿಗೆ ಹೆಪ್ಪು ಹಾಕಿದೆಯಾ?"

ವಿಜ್ಞಾನದ ಪಾಠದಲ್ಲಿ ಇವೆರಡಕ್ಕೂ ಒಂದೇ ಹೆಸರು, ಹುದುಗುವಿಕೆ. ಎರಡರಲ್ಲೂ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆದರೆ ಅಡುಗೆಮನೆಯಲ್ಲಿ ಹೆಸರೂ ಬೇರೆ, ಕ್ರಿಯಾಪದವೂ ಬೇರೆ. ಹೆಪ್ಪನ್ನು ನಾವು ಹಾಕುತ್ತೇವೆ. ಹುದುಗು ತಾನೇ ಬರುತ್ತದೆ, ನಿದ್ದೆ ಬಂದ ಹಾಗೆ, ಮಳೆ ಬಂದ ಹಾಗೆ. "ಹೆಪ್ಪು ಬಂತು" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಇಲ್ಲ ಅಲ್ವಾ.

ಹಾಗೆ ಹೇಳದಿರುವುದಕ್ಕೆ ಗಟ್ಟಿ ಕಾರಣವೇ ಇದೆ. ಹಾಲನ್ನು ನಾವು ಮೊದಲು ಕಾಯಿಸುತ್ತೇವೆ. ಉಕ್ಕು ಬರುವಷ್ಟರಲ್ಲಿ ಅದರಲ್ಲಿದ್ದ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಎಲ್ಲ ಸತ್ತಿರುತ್ತವೆ. ಇನ್ನು ಕೆಲಸಕ್ಕೆ ಆಳು ಹೊರಗಿನಿಂದಲೇ ಬರಬೇಕು. ನಿನ್ನೆಯ ಮೊಸರಿನ ಒಂದು ಚಮಚದಲ್ಲಿ ಅಂಥ ಆಳುಗಳು ಕೋಟಿಗಟ್ಟಲೆ ಇರುತ್ತವೆ. ಹಾಲು ಉಗುರುಬೆಚ್ಚಗೆ ಇರಬೇಕು, ಬೆರಳು ಅದ್ದಿದರೆ ಹಿತ ಅನ್ನಿಸಬೇಕು. ಜಾಸ್ತಿ ಬಿಸಿ ಇದ್ದರೆ ಹೆಪ್ಪೇ ಬೆಂದುಹೋಗುತ್ತದೆ.

ಆಮೇಲೆ ನಡೆಯುವುದು ಚಂದದ ಕೆಲಸ. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಪುಟ್ಟ ಉಂಡೆಗಳು ತೇಲುತ್ತಿರುತ್ತವೆ. ಎಲ್ಲದರ ಮೈಮೇಲೂ ಒಂದೇ ಬಗೆಯ ವಿದ್ಯುತ್ ಚಾರ್ಜ್. ಅದಕ್ಕೇ ಒಂದನ್ನೊಂದು ಹತ್ತಿರ ಸೇರಿಸುವುದಿಲ್ಲ. ಹುಳಿ ಏರಿದಂತೆ ಆ ಚಾರ್ಜ್ ಇಳಿಯುತ್ತದೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಹುಳಿ ಹೆಚ್ಚಿದಷ್ಟೂ ಅದು ಕಡಿಮೆ. ಹಾಲಿನ ಪಿಎಚ್ ಸುಮಾರು 6.6ರಿಂದ 4.6ಕ್ಕೆ ಬರುವ ಹೊತ್ತಿಗೆ ಉಂಡೆಗಳು ಕೈಕೈ ಹಿಡಿದು ಬಲೆ ಕಟ್ಟಿರುತ್ತವೆ. ನೀರು ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಮೊಸರನ್ನು ಚಮಚದಿಂದ ಕಡಿದ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ತಿಳಿನೀರು ನಿಲ್ಲುತ್ತದಲ್ಲ, ಅದು ಹರಿದ ಬಲೆಯಿಂದ ತಪ್ಪಿಸಿಕೊಂಡ ನೀರು.

ಇಡ್ಲಿ ಹಿಟ್ಟಿನ ಕತೆ ಬೇರೆ. ಅಕ್ಕಿ, ಉದ್ದಿನಬೇಳೆ ನೆನೆಸಿ ರುಬ್ಬುತ್ತೇವೆ ಅಷ್ಟೇ, ಬೇಯಿಸುವುದಿಲ್ಲ. ಬೇಳೆಯ ಜೊತೆಗೇ ಬಂದ ಬ್ಯಾಕ್ಟೀರಿಯಾ ಜೀವಂತವಾಗಿ ಹಿಟ್ಟಿಗಿಳಿಯುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಲ್ಯುಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ಹೆಸರು ನಾಲಿಗೆಗೆ ಒಗ್ಗುವುದಿಲ್ಲ, ಕೆಲಸ ಚೆನ್ನಾಗಿ ಒಗ್ಗುತ್ತದೆ. ಹುಳಿಯ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಹಿಟ್ಟು ಏಳಲು ಈ ಬ್ಯಾಕ್ಟೀರಿಯಾವೇ ಕಾರಣ, ಯೀಸ್ಟ್ ಬೇಕಾಗಿಲ್ಲ ಎಂದು 1965ರಲ್ಲೇ ಸಂಶೋಧಕರು ತೋರಿಸಿದ್ದರು. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಬರೀ ಅಕ್ಕಿ ಹಿಟ್ಟಿನಲ್ಲಿ ಗುಳ್ಳೆ ಎದ್ದರೂ ನಿಲ್ಲುವುದಿಲ್ಲ.

ಕೈಯಲ್ಲಿ ಕಲಸಿದರೇ ಹುದುಗು ಬರುವುದು, ಅದು ಕೈಗುಣ ಅಂತ ನಮ್ಮತ್ತೆ ವಾದ. ಬೇಳೆಯ ಗುಣ ಅಂತ ನಾನು. ಈ ಜಗಳ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ 'ಹುದುಗು' ಅಂದರೆ ಅಡಗಿರು ಅಂತಲೂ ಅರ್ಥವಿದೆ. ನೆಲದಲ್ಲಿ ಹುದುಗಿದ ನಿಧಿ ಅನ್ನುವುದಿಲ್ಲವೇ. ಇಂಗ್ಲಿಷಿನ ಫರ್ಮೆಂಟೇಶನ್ ಪದದ ಬೇರು ಲ್ಯಾಟಿನ್‌ನ 'ಕುದಿ' ಎಂಬ ಕ್ರಿಯಾಪದ. ಅವರಿಗೆ ಮೇಲೇಳುವ ಗುಳ್ಳೆ ಕಂಡಿತ್ತು.

ಹಾಗಂತ ಹಾಕುವುದಕ್ಕೂ ಬರುವುದಕ್ಕೂ ನಡುವೆ ಗೋಡೆಯೇನಿಲ್ಲ. ಸುಮಾರು 1025ರ 'ಲೋಕೋಪಕಾರ' ಎಂಬ ಕನ್ನಡ ಗ್ರಂಥದಲ್ಲಿ ಚಾವುಂಡರಾಯ ಹೇಳುವ ಇಡ್ಲಿಗೆ ಅಕ್ಕಿಯೇ ಇಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿ ಬೆರೆಸಬೇಕು. ಒಂದು ಲೆಕ್ಕದಲ್ಲಿ ಅದು ಹಿಟ್ಟಿಗೆ ಹಾಕಿದ ಹೆಪ್ಪು.

ಹೆಪ್ಪು ಅಡುಗೆಮನೆ ದಾಟಿ ದೂರ ಹೋಗಿದೆ. ರಕ್ತ ಹೆಪ್ಪುಗಟ್ಟುತ್ತದೆ, ಚಳಿಗೆ ಕೆರೆಯ ನೀರು ಹೆಪ್ಪುಗಟ್ಟುತ್ತದೆ, ಕತೆಗಳಲ್ಲಿ ದುಃಖವೂ ಹೆಪ್ಪುಗಟ್ಟುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾದ ಕೆಲಸವಿಲ್ಲ, ಆದರೆ ಅಲ್ಲೂ ಫೈಬ್ರಿನ್ ಎಂಬ ಪ್ರೋಟೀನು ಬಲೆ ಕಟ್ಟುತ್ತದೆ. ಹಾಗಾಗಿ ಹೋಲಿಕೆ ಸರಿಯಾಗಿಯೇ ಕೂತಿದೆ. ನೀರಿಗೆ ಮಾತ್ರ ಪೂರ್ತಿ ಒಪ್ಪುವುದಿಲ್ಲ. ಮಂಜುಗಡ್ಡೆ ಕರಗಿದರೆ ಮತ್ತೆ ನೀರೇ, ಮೊಸರು ಮತ್ತೆ ಹಾಲಾಗುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಚಳಿಗೆ ನಮ್ಮ ಹಿಟ್ಟು ಇಟ್ಟಲ್ಲೇ ಇತ್ತು. ಒಂದು ಗುಳ್ಳೆಯೂ ಇಲ್ಲ. "ಹುದುಗು ಬರಲಿಲ್ಲ" ಅಂದೆ. ಬಂದಿಲ್ಲ ಅಂದಮೇಲೆ ತಪ್ಪು ಯಾರ ತಲೆಗೂ ಬರುವುದಿಲ್ಲ ನೋಡಿ. ಅತ್ತೆ ಹಿಟ್ಟನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿ, ಸುಮ್ನೆ ದೋಸೆ ಕಾವಲಿ ಒಲೆಗಿಟ್ಟರು.